ನಿದ್ದೆ ಮಾಡದ ಗಡಿಯಾರ

ಕಂತು ಒಂಬತ್ತು

"ಸ್ಟೂಲು ಅಲ್ಲಾಡ್ತದೆ, ಇಳೀರಿ ಟೀಚ್ರಮ್ಮ. ಬಿದ್ದುಗಿದ್ರೆ ಇನ್ನೊಂದು ಕೇಸಾಯ್ತದೆ!"

ಮೇಸ್ತ್ರಿ ಶಿವಣ್ಣ ಕೆಳಗಿನಿಂದ ಕೂಗಿದ. ಸರಸಮ್ಮನವರು ಇಳಿಯಲಿಲ್ಲ. ಮೂರನೇ ಶೆಡ್ಡಿನ ಗೋಡೆಯ ಮೇಲಿದ್ದ ಕರೆಂಟು ಗಡಿಯಾರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತು, ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಹುಡುಗನನ್ನು ನೋಡುವಂತೆ ಅದನ್ನೇ ನೋಡುತ್ತಿದ್ದರು.

ಮಳವಳ್ಳಿಯಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟು ನಿವೃತ್ತರಾದ ಮೇಲೆ ಪತ್ತೇದಾರಿಕೆಗೆ ಇಳಿದವರು ಅವರು. ಮಂಡ್ಯ, ಮದ್ದೂರು, ಮಳವಳ್ಳಿ, ಈ ಮೂರು ತಾಲ್ಲೂಕಿನಲ್ಲಿ ಅವರು ಹಿಂಡದ ಕಿವಿ ಇರಲಿಲ್ಲ. ಉದ್ದ ಕಿವಿಯ ಗಂಡಸು ಬಸ್ಸು ಹತ್ತಿದರೆ ಕಂಡಕ್ಟರು ಊರು ಕೇಳದೆ ಮಳವಳ್ಳಿಗೇ ಟಿಕೆಟ್ಟು ಹರಿಯುತ್ತಿದ್ದ. ಅವರು ಒಂದು ಸಲ ಕಣ್ಣು ಕೆಂಪಗೆ ಮಾಡಿದರೆ ತಪ್ಪು ಉತ್ತರ ತಾನಾಗಿಯೇ ಸ್ಲೇಟಿನಿಂದ ಅಳಿಸಿಹೋಗುತ್ತಿತ್ತು ಎನ್ನುವವರೂ ಇದ್ದಾರೆ. ನೋಡಿದವರೇ ಹೇಳಿದ್ದು.

ಗುರುವಾರ ಮಧ್ಯಾಹ್ನ, ಸೋಮನಹಳ್ಳಿಯ ಈ ಸೌಮ್ಯನಾಯಕಿ ಸಕ್ಕರೆ ಮಿಲ್ಲಿನಲ್ಲಿ, ಫಿಟ್ಟರ್ ಮರಿಯಯ್ಯ ನಿಂತಿದ್ದ ಗಾಣದೊಳಗೆ ಬಗ್ಗಿ ಕಬ್ಬಿನ ಸಿಪ್ಪೆ ಬಿಡಿಸುತ್ತಿರುವಾಗಲೇ ಯಾರೋ ಗಾಣದ ಸ್ವಿಚ್ ಹಾಕಿದ್ದರು. ಅವನು ಮಂಡ್ಯದ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಹಾಕಿದವನು ಎಲೆಕ್ಟ್ರಿಷಿಯನ್ ಮುದ್ದಯ್ಯ ಎಂದು ಪೊಲೀಸರು ಹಿಡಿದಿದ್ದರು. ಮಿಲ್ಲಿನ ಲ್ಯಾಬಿನಲ್ಲಿ ಕೆಲಸಕ್ಕಿರುವ ಸರಸಮ್ಮನವರ ಮಗಳು ಗೋದಾ, "ಮುದ್ದಯ್ಯ ಅಲ್ಲಮ್ಮ, ಏನಾದರೂ ಮಾಡು" ಎಂದು ಗೋಗರೆದಿದ್ದರಿಂದ ಅವರು ಇಲ್ಲಿಗೆ ಬಂದಿದ್ದರು.

ಇಂದು ಶನಿವಾರ. ಸಂಜೆ ನಾಲ್ಕಕ್ಕೆ ಮುದ್ದಯ್ಯನನ್ನು ಮದ್ದೂರಿನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲು ವ್ಯಾನು ಹೊರಡುತ್ತದೆ.

ಸರಸಮ್ಮನವರು ತಮ್ಮ ಕೈಗಡಿಯಾರ ನೋಡಿಕೊಂಡರು. ಬೆಳಿಗ್ಗೆ ರೇಡಿಯೊ ವಾರ್ತೆಗೆ ಸರಿಮಾಡಿಕೊಂಡದ್ದು. ಮೂರು ಗಂಟೆ. ಗೋಡೆಯ ಗಡಿಯಾರ ಎರಡು ಇಪ್ಪತ್ತೈದು ಎನ್ನುತ್ತಿತ್ತು.

"ಶಿವಣ್ಣ, ಈ ಗಡಿಯಾರ ಹಿಂದಿದೆಯಲ್ಲೋ."

"ಅದೆಂಗಾಯ್ತದೆ? ಒಂದ್ನೇ ಶೆಡ್ಡಲ್ಲೂ ಎರಡು ಇಪ್ಪತ್ತೈದೇ, ಎರಡ್ನೇ ಶೆಡ್ಡಲ್ಲೂ ಎರಡು ಇಪ್ಪತ್ತೈದೇ. ಈಗ್ತಾನೆ ನೋಡ್ಕಂಡ್ ಬಂದೆ. ಮೂರು ಜನ ಒಂದೇ ಮಾತು ಅಂತಾವ್ರೆ, ನಿಮ್ ವಾಚೊಂದು ಬೇರೆ ಅಂತದೆ. ಮೂರು ಜನದ್ ಮಾತು ಕೇಳಾದಾ, ಒಬ್ಬಂದಾ? ನೀವೇ ಯೋಳಿ, ಲೆಕ್ಕದೋರು."

ಮಾತೇನೋ ತೂಕದ್ದೇ. ಸರಸಮ್ಮನವರು ಸ್ಟೂಲಿನಿಂದ ಇಳಿದರು.

"ಸಂಜೆ ಮನೆಗೆ ಯಾವ ಬಸ್ಸಿಗೆ ಹೋಗ್ತೀಯ?"

"ಆ ಬಸ್ಸಿನ್ ಸುದ್ದಿ ಎತ್ತಬ್ಯಾಡಿ ಟೀಚ್ರಮ್ಮ!" ಶಿವಣ್ಣ ತಲೆಯ ಟವೆಲು ಕಿತ್ತು ಕೊಡವಿದ. "ಐದೂಕಾಲ್ ಬಸ್ಸು. ಗುರುವಾರ ತಪ್ಪೋಯ್ತು, ನೆನ್ನೆನೂ ತಪ್ಪೋಯ್ತು. ಐದ್ಗಂಟೆ ಸೈರನ್ ಆದೇಟ್ಗೆ ಕಾಲು ಮುರ್ಯಂಗೆ ಓಡೋಯ್ತೀವಿ, ಬಸ್ಸು ಆಗ್ಲೇ ಊರ್ ಸೇರ್ಕಂಡಿರ್ತದೆ. ಡ್ರೈವರ್‌ಗೆ ಯಾವ್ ದೆವ್ವ ಬಡೀತೋ, ಬ್ಯಾಗ ಓಡುಸ್ತಾವ್ನೆ."

ಸರಸಮ್ಮನವರು ನಿಂತಲ್ಲೇ ನಿಂತರು. ಬಸ್ಸು ಬೇಗ ಹೋಯಿತು ಎನ್ನುವ ಮಾತನ್ನು ಅವರು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಮಂಡ್ಯ ಜಿಲ್ಲೆಯಲ್ಲಿ ನೆನ್ನೆಯ ಬಸ್ಸು ಇವತ್ತು ಬಂದರೆ ಅದು ಸಮಯಕ್ಕೆ ಸರಿಯಾಗಿ ಬಂದಂತೆ.

"ಈ ಗಡಿಯಾರ ನಿಂತುಹೋದರೆ ಹೇಗೆ ಸರಿಮಾಡ್ತೀರಿ?"

"ಶೆಡ್ಡಿನ್ ಮೈನ್ ಆಫ್ ಮಾಡಿದ್ರೆ ಇದೂ ನಿಂತ್ಕತದೆ. ಆಮ್ಯಾಲೆ ಪಕ್ಕದ್ ಶೆಡ್ಡಿಗೋಗಿ ನೋಡ್ಕಂಡ್ ಬತ್ತೀವಿ. ನಮ್ದು ನಿಂತ್ರೆ ಎರಡ್ನೇದ್ ನೋಡಾದು, ಎರಡ್ನೇದು ನಿಂತ್ರೆ ಒಂದ್ನೇದು, ಒಂದ್ನೇದು ನಿಂತ್ರೆ ಅವ್ರು ನಮ್ತಕೆ ಬತ್ತಾರೆ. ಮೂರು ವಾರದಿಂದ ಅಂಗೇಯ."

"ಮೂರೂ ಒಟ್ಟಿಗೆ ನಿಂತರೆ?"

ಶಿವಣ್ಣ ಯೋಚಿಸಿದ. "ಒಟ್ಟಿಗೆ ನಿಂತ್ರೆ ಮೂರೂ ಒಂದೇ ಟೈಮು ತೋರುಸ್ತವಲ್ಲ. ಸರಿಮಾಡಾಕೇನದೆ?"

"ಗುರುವಾರ ಇಡೀ ಮಿಲ್ಲಿಗೆ ಕರೆಂಟು ಹೋಗಿತ್ತಾ?"

"ಓಗಿತ್ತು, ಬೆಳಿಗ್ಗೆ. ಎರಡು ಬೀಡಿ ಸೇದ್ದೆ, ಕಬ್ಬಿನ್ ಗಾಡಿಯೋರ ಜೊತೆ ಮಾತಾಡ್ದೆ, ಬಂತು."

"ಎಷ್ಟು ಗಂಟೆಗೆ ಹೋಯಿತು?"

"ಅನ್ನೊಂದಕ್ಕೆ."

"ಬಂದದ್ದು?"

"ಬಂದಾಗ ನೋಡ್ದೆ ಕಣ್ರಮ್ಮ. ಅನ್ನೊಂದೇ ಆಗಿತ್ತು."

ಶಿವಣ್ಣ ಗೋಡೆಯ ಗಡಿಯಾರದ ಕಡೆ ತಿರುಗಿದ. ಅವನ ಬಾಯಿಂದ ಹೊರಬಿದ್ದ ಮಾತು ಅವನ ಕಿವಿಗೇ ತಡವಾಗಿ ಹೋಗಿ ತಟ್ಟಿತು. ಎರಡು ಬೀಡಿ ಸೇದಿ, ಊರ ಮಾತೆಲ್ಲ ಆಡಿ ಮುಗಿಸಿದರೂ ಹನ್ನೊಂದಕ್ಕೆ ಹನ್ನೊಂದೇ ಆಗಿದ್ದು ಹೇಗೆ?

"ಅಯ್ಯಯ್ಯೋ," ಎಂದ.

"ಬಾ ನನ್ನ ಜೊತೆ," ಎಂದರು ಸರಸಮ್ಮನವರು.

* * *

ಟೈಂ ಆಫೀಸು ಗೇಟಿನ ಪಕ್ಕ, ಶೆಡ್ಡುಗಳಿಂದ ಒಂದು ಫರ್ಲಾಂಗು ದೂರ. ಗುರುವಾರದಿಂದ ಪೊಲೀಸರು ಅಲ್ಲೇ ಬೀಡುಬಿಟ್ಟಿದ್ದರು. ಅದರ ಜಗಲಿಯ ಮೇಲೆ ಮುದ್ದಯ್ಯ ಕೈಕೋಳ ಹಾಕಿಕೊಂಡು ಕೂತಿದ್ದ. ಗೇಟಿನ ಆಚೆ ಅವನ ತಾಯಿ ಚಿಕ್ಕಮಾದಮ್ಮ ನೆಲದ ಮೇಲೆ ಕಾಲು ಚಾಚಿ ಕೂತು, ಎರಡು ದಿನದಿಂದ ಪೊಲೀಸರ ಏಳು ತಲೆಮಾರನ್ನು ಸರದಿಯ ಪ್ರಕಾರ ಬಯ್ಯುತ್ತಿದ್ದಳು. ಈಗ ಐದನೇ ತಲೆಮಾರಿನಲ್ಲಿದ್ದಳು.

"ಟೀಚ್ರವ್ವ, ನನ್ ಮಗ ಜೈಲಿಗೋದ್ರೆ ನಾನು ಈ ಗೇಟ್ ಬುಟ್ಟು ಏಳಾಕಿಲ್ಲ," ಎಂದಳು.

"ಏಳೋಕೆ ಹೇಳ್ತೀನಿ, ಇರು," ಎಂದರು ಸರಸಮ್ಮನವರು.

ಸಬ್ ಇನ್ಸ್‌ಪೆಕ್ಟರ್ ಬೆಟ್ಟಯ್ಯ ಎದ್ದು ನಿಂತ. ಆರಡಿ ಎರಡಂಗುಲದ ಆಳು. ಅವನು ಕೆಮ್ಮಿದರೆ ಆತಗೂರಿನವರೆಗೆ ಕಳ್ಳರು ಮನೆ ಬಿಡುತ್ತಿದ್ದರು. ಎಂಟನೇ ಕ್ಲಾಸಿನ ಲೆಕ್ಕದಲ್ಲಿ ಅವನಿಗೆ ನೂರಕ್ಕೆ ಹನ್ನೊಂದು ಕೊಟ್ಟವರು ಎದುರಿಗೆ ಬಂದರೆ ಮಾತ್ರ ಕೈ ತಾನಾಗಿ ಕಿವಿಯ ಹತ್ತಿರ ಹೋಗುತ್ತಿತ್ತು.

"ಟೀಚ್ರೇ, ಕೇಸು ನೀರಿನಂಗೆ ತಿಳಿಯಾಗದೆ. ಆತಗೂರಲ್ಲಿ ನಾಲೆ ತೂಬಿನ ವಿಚಾರಕ್ಕೆ ಮುದ್ದಯ್ಯಂಗೂ ಮರಿಯಯ್ಯಂಗೂ ಜಗಳ ಇತ್ತು. ಗಾಣ ತಿರುಗಿದ್ದು ಎರಡು ಐದಕ್ಕೆ, ಶಿವಣ್ಣನ ರಿಜಿಸ್ಟರಲ್ಲೇ ಅದೆ. ಮುದ್ದಯ್ಯ ಮದ್ದೂರು ಸ್ಟೇಷನ್ನಲ್ಲಿ ಮಿಲ್ಲಿನ ಪಾರ್ಸಲ್ಲು ಬಿಡಿಸ್ಕೊಂಡಿದ್ದು ಎರಡು ಮೂವತ್ತೈದಕ್ಕೆ, ಅಲ್ಲೂ ಸಹಿ ಹಾಕವ್ನೆ. ನಾಲೆ ಏರಿ ಮೇಲೆ ಸೈಕಲ್ಲಲ್ಲಿ ಅರ್ಧ ಗಂಟೆ ದಾರಿ. ಐದೂ ಮೂವತ್ತೂ ಮೂವತ್ತೈದು." ಅವನು ಹೆಮ್ಮೆಯಿಂದ ನಕ್ಕ. "ಈ ಲೆಕ್ಕನಾದ್ರೂ ಸರಿ ಬಂತಲ್ಲ."

"ಲೆಕ್ಕ ಸರಿ ಬೆಟ್ಟಯ್ಯ. ಪ್ರಶ್ನೇನೇ ತಪ್ಪು."

"ಅಂಗಂದ್ರೆ?"

"ಮಿಲ್ಲಿನ ಇಂಜಿನಿಯರನ್ನ ಕರೆಸು. ಹೇಳ್ತೀನಿ."

* * *

ಟೈಂ ಆಫೀಸಿನ ಒಳಗೋಡೆಯ ಮೇಲೆ ಕೀ ಕೊಡುವ ಹಳೆಯ ಗಡಿಯಾರವೊಂದಿತ್ತು. ಆಳುದ್ದದ ಪೆಟ್ಟಿಗೆ, ಹಿತ್ತಾಳೆಯ ಲೋಲಕ. ಟೈಂಕೀಪರ್ ಶ್ಯಾಮಣ್ಣ ಅದನ್ನು ನೋಡಿಕೊಳ್ಳುತ್ತಿದ್ದ ರೀತಿಯಲ್ಲಿ ಮೈಸೂರಿನ ಆನೆಗಳನ್ನೂ ಯಾರೂ ನೋಡಿಕೊಂಡಿಲ್ಲ. ಮೊದಲೆಲ್ಲ ಕರೆಂಟು ಹೋಗಿಬಂದರೆ ಶ್ಯಾಮಣ್ಣ ಈ ಗಡಿಯಾರ ನೋಡಿ ಗಂಟೆ ಬಾರಿಸಬೇಕು, ಶೆಡ್ಡಿನವರು ಅದಕ್ಕೆ ತಮ್ಮದನ್ನು ಸರಿಮಾಡಿಕೊಳ್ಳಬೇಕು. ಮೂರು ವಾರದ ಹಿಂದೆ ಆ ಗಂಟೆ ಬಾರಿಸುವುದು ನಿಂತಿತ್ತು. ಗೋಡೆಯ ಮೇಲೆ ಅಂಟಿಸಿದ್ದ ಸುತ್ತೋಲೆಯೇ ಅದಕ್ಕೆ ಕಾರಣ: ಇನ್ನು ಮುಂದೆ ರಿಜಿಸ್ಟರಿಗೂ ಸೈರನ್ನಿಗೂ ಶೆಡ್ಡಿನ ಕರೆಂಟು ಗಡಿಯಾರಗಳೇ ಪ್ರಮಾಣ. ಕೆಳಗೆ ಇಂಜಿನಿಯರ್ ಸಂಪತ್ ಕುಮಾರನ ಸಹಿ.

ಸಂಪತ್ ಕುಮಾರ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಬಂದು ನಿಂತ.

"ಕರೆಸಿದಿರಂತೆ, ಮೇಡಂ."

"ಕೈಯಲ್ಲಿ ವಾಚಿದೆಯಲ್ಲ ಸಂಪತ್ ಕುಮಾರ್. ಎಷ್ಟು ಗಂಟೆ?"

ಅವನು ನೋಡಿಕೊಂಡ. ಉತ್ತರ ಬರಲು ಎಷ್ಟು ಹೊತ್ತಾಯಿತೆಂದರೆ ಅಷ್ಟರಲ್ಲಿ ಒಂದು ಎಕರೆ ಕಬ್ಬು ಕಡಿಯಬಹುದಿತ್ತು.

"ಮೂರೂಕಾಲು."

"ನಿಮ್ಮ ಶೆಡ್ಡುಗಳಲ್ಲಿ ಎರಡು ನಲವತ್ತು. ಈ ಹಳೇ ಗಡಿಯಾರದಲ್ಲಿ ಮೂರೂಕಾಲು. ಇದನ್ನ ಯಾಕೆ ಬೇಡ ಅಂದಿರಿ?"

"ಅದು ದಿನಕ್ಕೆ ಅರ್ಧ ನಿಮಿಷ ಹಿಂದೆ ಬೀಳುತ್ತೆ ಮೇಡಂ. ಇರೋದೂ ದೂರದಲ್ಲಿ. ಪ್ರತಿಯೊಂದಕ್ಕೂ ಶೆಡ್ಡಿನಿಂದ ಇಲ್ಲಿಗೆ ಬಂದು ನೋಡಬೇಕು. ಕರೆಂಟು ಗಡಿಯಾರ ಆಯಾ ಶೆಡ್ಡಿನಲ್ಲೇ ಇದೆ, ಕಣ್ಣೆತ್ತಿದರೆ ಕಾಣುತ್ತೆ, ಓಡುವಾಗ ಸೆಕೆಂಡೂ ಆಚೀಚೆ ಆಗೋಲ್ಲ. ಯಾರನ್ನ ಕೇಳಿದರೂ ಅದೇ ಮೇಲು ಅಂತಾರೆ."

"ಓಡುವಾಗ," ಎಂದರು ಸರಸಮ್ಮನವರು. "ಸರಿಯಾಗಿ ಹೇಳಿದಿರಿ. ಯಾವುದು ಚೆನ್ನಾಗಿ ಓಡುತ್ತೆ ಅಂತ ನೋಡಿ ಆರಿಸಿದಿರಿ. ಯಾವುದು ನಿದ್ದೆ ಮಾಡೋಲ್ಲ ಅಂತ ನೋಡಲಿಲ್ಲ. ಶೆಡ್ಡಿನ ಕರೆಂಟು ಮಲಗಿದರೆ ಶೆಡ್ಡಿನ ಗಡಿಯಾರವೂ ಮಲಗುತ್ತೆ. ಒಂದು ಮಲಗಿದಾಗ ಇನ್ನೊಂದು ಎಬ್ಬಿಸುತ್ತೆ, ಸರಿ. ಮೂರೂ ಒಂದೇ ಸಲ ಮಲಗಿ ಒಂದೇ ಸಲ ಎದ್ದರೆ, ಎಷ್ಟು ಹೊತ್ತು ಮಲಗಿದ್ದೆವು ಅಂತ ಯಾರು ಯಾರಿಗೆ ಹೇಳಬೇಕು? ಮೂರೂ ಒಂದೇ ಸುಳ್ಳು ಹೇಳ್ತವೆ. ಮೂರು ಸಾಕ್ಷಿ ಸಿಕ್ಕಿತು ಅಂತ ಜನ ನಂಬ್ತಾರೆ."

ಬೆಟ್ಟಯ್ಯ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. "ಗುರುವಾರ ಮಲಗಿದ್ವಾ ಟೀಚ್ರೇ?"

"ಹನ್ನೊಂದಕ್ಕೆ ಮಲಗಿದವು. ಎದ್ದದ್ದು ಯಾವಾಗ ಅಂತ ಬೇಕು."

ಮೂಲೆಯ ಕುರ್ಚಿಯಿಂದ ಶ್ಯಾಮಣ್ಣ ಒಂದು ಉದ್ದನೆಯ ಪುಸ್ತಕ ಮುಂದಕ್ಕೆ ತಳ್ಳಿದ. ತೆಳ್ಳಗಿನ ಮುದುಕ. ಹಣೆಯ ಮೇಲಿನ ನಾಮ ಲೋಲಕದಷ್ಟೇ ನೇರ.

"ಗಂಟೆ ಬಾರಿಸಬೇಡ ಅಂತ ಸುತ್ತೋಲೆ ಇದೆ. ಬರೀಬೇಡ ಅಂತ ಇಲ್ಲವಲ್ಲ," ಎಂದ. "ನೋಡಿ. ಹನ್ನೊಂದಕ್ಕೆ ಕರೆಂಟು ಹೋಯಿತು. ಹನ್ನೊಂದು ಮೂವತ್ತಮೂರಕ್ಕೆ ಬಂತು. ಈ ಗಡಿಯಾರವನ್ನ ಪ್ರತಿ ಸೋಮವಾರ ಮದ್ದೂರು ಸ್ಟೇಷನ್ನಿನ ಗಡಿಯಾರಕ್ಕೆ ಹೊಂದಿಸ್ತೀನಿ. ಅವರಿಗೆ ದಿನಾ ನಾಲ್ಕು ಗಂಟೆಗೆ ತಂತಿಯಲ್ಲಿ ಸಮಯ ಬರುತ್ತೆ. ಅವರೂ ನಾನೂ ಒಂದೇ."

"ಮೂವತ್ತಮೂರು ನಿಮಿಷ," ಎಂದರು ಸರಸಮ್ಮನವರು. "ಇವತ್ತು ಶೆಡ್ಡಿನ ಗಡಿಯಾರ ಮೂವತ್ತೈದು ನಿಮಿಷ ಹಿಂದಿದೆ. ಎರಡು ದಿನ ಕರೆಂಟು ಕುಗ್ಗಿ ಬಂದು ಇನ್ನೂ ಎರಡು ನಿಮಿಷ ತಿಂದಿದೆ. ಬೆಟ್ಟಯ್ಯ, ಎರಡು ಐದಕ್ಕೆ ಮೂವತ್ತಮೂರು ಕೂಡಿಸು."

ಬೆಟ್ಟಯ್ಯ ಬೆರಳು ಮಡಿಸಿದ. ಎರಡೂ ಕೈಯ ಬೆರಳು ಮುಗಿದು ಶಿವಣ್ಣನ ಕೈ ಕಡೆ ನೋಡಿದ. ಕಡೆಗೆ ಹೇಳಿದ: "ಎರಡು ಮೂವತ್ತೆಂಟು."

"ಗಾಣ ತಿರುಗಿದ್ದು ಎರಡು ಮೂವತ್ತೆಂಟಕ್ಕೆ. ಎರಡು ಮೂವತ್ತೈದಕ್ಕೆ ಮುದ್ದಯ್ಯ ಎಲ್ಲಿದ್ದ?"

"ಮದ್ದೂರಲ್ಲಿ... ಸಹಿ ಹಾಕ್ತಾ..."

ಜಗಲಿಯಿಂದ ಮುದ್ದಯ್ಯನ ದನಿ ಬಂತು. "ನಾನು ನೆನ್ನೆಯಿಂದ ಅದ್ನೇ ಬಡ್ಕತಾ ಇವ್ನಿ ಕಣಣ್ಣೋ!"

ಸರಸಮ್ಮನವರು ಸಂಪತ್ ಕುಮಾರನ ಮೇಲಿನ ಕಣ್ಣು ಕದಲಿಸಲಿಲ್ಲ.

"ನಿಮಗೆ ಯಾವಾಗ ಗೊತ್ತಾಯಿತು?"

"ಏನು?"

"ಮಿಲ್ಲಿನಲ್ಲಿ ವಾಚು ಕಟ್ಟೋರು ನೀವೊಬ್ಬರೇ. ಸೈರನ್ನು ಅರ್ಧ ಗಂಟೆ ತಡವಾಗಿ ಕೂಗಿದ್ದು ನಿಮಗೆ ತಿಳಿಯಲಿಲ್ಲ ಅಂತ ಹೇಳಿ, ನಂಬ್ತೀನಿ."

ಅವನು ಕತ್ತಿನ ಗುಂಡಿ ಬಿಚ್ಚಿದ. "ಗುರುವಾರ ಸಂಜೆ."

"ಮುದ್ದಯ್ಯನ್ನ ಹಿಡಿದದ್ದು?"

"ಶುಕ್ರವಾರ ಬೆಳಿಗ್ಗೆ." ದನಿ ತಗ್ಗಿತು. "ಸೋಮವಾರ ಯಜಮಾನರು ಬರ್ತಾರೆ ಮೇಡಂ. ಆ ಗಡಿಯಾರಗಳನ್ನ ತರಿಸಿದ್ದು ನಾನು. ಸುತ್ತೋಲೆ ನನ್ನದು. ಭಾನುವಾರ ಯಾರೂ ಇಲ್ಲದಾಗ ಮೆಲ್ಲಗೆ ಮುಳ್ಳು ತಿರುಗಿಸಿಬಿಡೋಣ ಅಂತಿದ್ದೆ. ಇದು ಕೇಸಿಗೆ ತಗುಲಿಕೊಳ್ಳುತ್ತೆ ಅಂತ..."

"ಅನ್ನಿಸಲಿಲ್ಲವಾ?"

"ಅನ್ನಿಸಿತು," ಎಂದ ಸಂಪತ್ ಕುಮಾರ.

"ಥೂ," ಎಂದ ಶಿವಣ್ಣ. "ನಿಮ್ ಕಾಗ್ದ ಉಳೀಲಿ ಅಂತ ಒಬ್ಬ ಮನ್ಸ ಜೈಲಿಗೋಗ್ಬೇಕಾ ಸ್ವಾಮಿ?"

ಬೆಟ್ಟಯ್ಯ ಹೊರಗೆ ಹೋಗಿ ಮುದ್ದಯ್ಯನ ಕೈಕೋಳ ಬಿಚ್ಚಿ, ಅವನನ್ನು ಒಳಗೆ ಕರೆತಂದ. ಗೇಟಿನಾಚೆ ಚಿಕ್ಕಮಾದಮ್ಮ ಬಯ್ಯುವುದನ್ನು ನಿಲ್ಲಿಸಿದಳು. ಎರಡು ದಿನದ ಮೇಲೆ ಸೋಮನಹಳ್ಳಿಯ ಕಾಗೆಗಳಿಗೆ ತಮ್ಮ ದನಿ ತಮಗೇ ಕೇಳಿಸಿತು.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಜೀವಮಾನದಲ್ಲಿ ಮೊದಲ ಸಲ ಸರಿಯಾದ ಉತ್ತರ ಕಂಡ ಬೆಟ್ಟಯ್ಯನಿಗೆ ಲೆಕ್ಕದ ರುಚಿ ಹತ್ತಿತ್ತು.

"ಇರಿ ಟೀಚ್ರೇ. ಆ ಸ್ವಿಚ್ಚಿನ ಕೋಣೆಗೆ ಇರೋದು ಎರಡು ಕೀ. ಒಂದು ಮುದ್ದಯ್ಯನ ಸೊಂಟದಲ್ಲಿ, ಮದ್ದೂರಲ್ಲಿತ್ತು. ಇನ್ನೊಂದು ಈ ಆಫೀಸಿನ ಮೊಳೆ ಮೇಲೆ. ತಗೊಂಡೋರು ಪುಸ್ತಕದಲ್ಲಿ ಸಹಿ ಹಾಕ್ಬೇಕು. ನಾನು ಗುರುವಾರಾನೇ ಆ ಪುಸ್ತಕ ನೋಡಿದ್ದೆ..."

ಅವನು ಕೀ ಪುಸ್ತಕ ತೆಗೆದ. ಬೆರಳು ಇಳಿಯುತ್ತಾ ಹೋಗಿ ಒಂದು ಸಾಲಿನ ಮೇಲೆ ನಿಂತಿತು. ಆ ಬೆರಳು ಅಲ್ಲಿಂದ ಏಳಲಿಲ್ಲ.

"ಇದ ನೋಡಿದ್ದೆ," ಎಂದ ಮೆಲ್ಲಗೆ. "ಎರಡು ಮೂವತ್ನಾಲ್ಕು ಅಂತ ಅದೆ. ಗಾಣ ತಿರುಗಿದ್ದು ಎರಡು ಐದಕ್ಕೆ, ಇದು ಅರ್ಧ ಗಂಟೆ ಆದ್ಮೇಲಿನ್ದು, ಕೇಸಿಗೆ ಸೇರಲ್ಲ ಅಂತ ಬುಟ್ಬುಟ್ಟೆ. ಶ್ಯಾಮಣ್ಣೋರೆ, ಇದು ಯಾವ ಗಡಿಯಾರದ್ ಟೈಮು?"

"ನನ್ನ ಪುಸ್ತಕದಲ್ಲಿ ಬೇರೆ ಗಡಿಯಾರದ ಹೊತ್ತು ಬರೀತೀನಾ?"

ಬೆಟ್ಟಯ್ಯ ಪುಸ್ತಕವನ್ನು ಸರಸಮ್ಮನವರ ಕಡೆ ತಿರುಗಿಸಿದ. ಎರಡು ಮೂವತ್ತನಾಲ್ಕು. ಪಕ್ಕದಲ್ಲಿ, ಅವರೇ ಕೈಹಿಡಿದು ತಿದ್ದಿಸಿದ ದುಂಡು ಅಕ್ಷರ. ಗೋದಾ.

ಎರಡು ಮೂವತ್ತನಾಲ್ಕಕ್ಕೆ ಕೀ. ಒಂದು ಫರ್ಲಾಂಗು ನಡಿಗೆ. ಎರಡು ಮೂವತ್ತೆಂಟಕ್ಕೆ ಸ್ವಿಚ್. ಒಂದನೇ ಕ್ಲಾಸಿನ ಮಗುವೂ ಮಾಡುವ ಲೆಕ್ಕ.

ಬೆಟ್ಟಯ್ಯ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ದನಿ ಇಳಿಸಿ ಹೇಳಿದ, "ಟೀಚ್ರೇ. ನಾನು ಲೆಕ್ಕದಲ್ಲಿ ದಡ್ಡ, ನಿಮ್ಗೇ ಗೊತ್ತು. ಮೂವತ್ತಮೂರು ಅಂದ್ರಲ್ಲ, ಅದು ಎಲ್ಲಾದ್ರೂ ತಪ್ಪಾಗಿರಬೋದಾ? ನೀವು ತಪ್ಪು ಅಂದ್ರೆ ತಪ್ಪು."

ಸರಸಮ್ಮನವರು ಮುದ್ದಯ್ಯನ ಮಣಿಕಟ್ಟು ನೋಡಿದರು. ಕೋಳ ಕೂತಿದ್ದ ಜಾಗ ಬಳೆಯಂತೆ ಕೆಂಪಾಗಿತ್ತು. ತಪ್ಪು ಎಂದರೆ ಕೋಳ ಮತ್ತೆ ಅಲ್ಲಿಗೇ ಹೋಗುತ್ತದೆ.

"ಸರಿಯಾಗಿದೆ," ಎಂದರು.

ಮೂರು ತಾಲ್ಲೂಕಿನ ಸಾವಿರಾರು ಕಿವಿ ಹಿಂಡಿದ ಕೈ ಆ ಹೊತ್ತಿನಲ್ಲಿ ಮೇಜಿನ ಅಂಚು ಹಿಡಿದುಕೊಂಡಿತು.

"ನಾನೇ ಅಮ್ಮ."

ಬಾಗಿಲಲ್ಲಿ ಗೋದಾ ನಿಂತಿದ್ದಳು. ಲ್ಯಾಬಿನ ಬಿಳಿ ಕೋಟು, ಅದರ ತುದಿಯಲ್ಲಿ ಕಬ್ಬಿನ ಹಾಲಿನ ಕಲೆ. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ.

"ಸ್ವಿಚ್ ಹಾಕಿದ್ದು ನಾನೇ. ಪರೀಕ್ಷೆಗೆ ಹಾಲು ಬೇಕಿತ್ತು, ಗಾಣ ಊಟದ ಹೊತ್ತಿನಿಂದ ನಿಂತೇ ಇತ್ತು. ಆಮೇಲೆ ಎಲ್ಲರೂ ಎರಡು ಐದು ಅಂದರು. ನಾನು ಕೀ ತಗೊಂಡದ್ದು ಎರಡೂವರೆ ಆದಮೇಲೆ. ಹಾಗಾದರೆ ನನ್ನಿಂದ ಆದದ್ದಲ್ಲ ಅಂತ ರಾತ್ರಿಯೆಲ್ಲ ನನಗೆ ನಾನೇ ಹೇಳಿಕೊಂಡೆ. ಆದರೆ ಆ ಕೂಗು ಕೇಳಿದ್ದು ನಾನು ಸ್ವಿಚ್ ಹಾಕಿದ ಗಳಿಗೆಯಲ್ಲೇ. ಗಡಿಯಾರವನ್ನ ನಂಬಲೋ ಕಿವಿಯನ್ನ ನಂಬಲೋ ತಿಳಿಯಲಿಲ್ಲ."

"ನೋಡದೆ ಹಾಕಿದೆಯಾ?" ಎಂದರು ತಾಯಿ.

"ಸ್ವಿಚ್ಚಿನ ಕೋಣೆ ಗೋಡೆಯ ಹಿಂದೆ. ಅಲ್ಲಿಂದ ಗಾಣ ಕಾಣೋಲ್ಲ. 'ಹಾಕಲಾ' ಅಂತ ಕೂಗಬೇಕು, ಒಳಗಿಂದ 'ಹಾಕು' ಅಂತ ಬಂದಮೇಲೇ ಕೈಯಿಡಬೇಕು. ಇಲ್ಲಿ ಎಲ್ಲರೂ ಮಾಡೋದು ಹಾಗೇ. ನಾನು ಎರಡು ಸಲ ಕೂಗಿದೆ. ಉತ್ತರ ಬಂತು."

"ಮರಿಯಯ್ಯನೇ ಹಾಕು ಅಂದ್ನಾ?" ಎಂದ ಬೆಟ್ಟಯ್ಯ. "ಗಾಣದೊಳಗೆ ತಲೆಯಿಟ್ಟೋನು?"

"ಮರಿಯಯ್ಯ ನನ್ನನ್ನ 'ಅಮ್ಮಣ್ಣಿ' ಅಂತಾನೆ. ಶೆಡ್ಡಿನೋರೆಲ್ಲ ಹಾಗೇ ಕರೆಯೋದು. ಇಂಜಿನಿಯರು 'ಮಿಸ್' ಅಂತಾರೆ. ಅವತ್ತು ಒಳಗಿಂದ ಬಂದದ್ದು 'ಹಾಕು ಮಗೂ' ಅಂತ." "ಈ ಮಿಲ್ಲಿನಲ್ಲಿ ನನ್ನನ್ನ ಮಗೂ ಅನ್ನೋರು ಒಬ್ಬರೇ."

ಎಲ್ಲರ ಮುಖವೂ ಒಟ್ಟಿಗೆ ಶ್ಯಾಮಣ್ಣನ ಮೂಲೆಗೆ ತಿರುಗಿತು.

ಕುರ್ಚಿ ಖಾಲಿ ಇತ್ತು. ಹಿಂದಿನ ಬಾಗಿಲು ಅರ್ಧ ತೆರೆದಿತ್ತು. ಶಿವಣ್ಣ ಓಡಿಹೋಗಿ ಕತ್ತು ಹೊರಗೆ ಹಾಕಿದ.

"ಸೈಕಲ್ಲು! ನಾಲೆ ಏರಿ ಮ್ಯಾಲೆ ಓಯ್ತಾವ್ರೆ ಕಣ್ರಪ್ಪೋ! ಅರ್ವತ್ತು ವರ್ಸದ್ ಮುದುಕ, ಕುದ್ರೆ ಓಡ್ದಂಗೆ ಓಡುಸ್ತಾವ್ರೆ!"

ಬೆಟ್ಟಯ್ಯ ಹೊರಗಿದ್ದ ಇಬ್ಬರು ಕಾನ್‌ಸ್ಟೇಬಲ್‌ಗಳನ್ನು ನಾಲೆಯ ಕಡೆ ಓಡಿಸಿದ. ಹಿಂತಿರುಗಿ ಬಂದಾಗ ಅವನ ಮುಖದಲ್ಲಿ ಶಿಷ್ಯ ಇರಲಿಲ್ಲ, ಇನ್ಸ್‌ಪೆಕ್ಟರು ಮಾತ್ರ ಇದ್ದ.

"ಟೀಚ್ರೇ, ಗಡಿಯಾರ ಅವರ್ದು. ಸ್ವಿಚ್ಚಿನ ಕೋಣೆ ಕೀ ಕೊಟ್ಟೋರು ಅವ್ರು. ಮೂವತ್ತಮೂರು ಅಂತ ಬರೆದೋರೂ ಅವ್ರೇ. ಈಗ 'ಹಾಕು' ಅಂದೋರೂ ಅವ್ರೇ ಅಂದ್ರೆ, ಅವ್ರು ಬರ್ದಿದ್ದನ್ನ ನಾನು ಮ್ಯಾಜಿಸ್ಟ್ರೇಟರ ಮುಂದೆ ಯಾವ ಮುಖ ಇಟ್ಕೊಂಡು ನಿಜ ಅನ್ಲಿ? ನಿಮ್ ವಾಚು, ಇಂಜಿನಿಯರ ವಾಚು ಆಮೇಲಿನ ಮಾತು ಹೇಳ್ತವೆ, ಗುರುವಾರ ಮಧ್ಯಾಹ್ನದ್ದಲ್ಲ. ಮತ್ತೆ ಉಳ್ಕೊಳೋದು ಶಿವಣ್ಣನ ರಿಜಿಸ್ಟರೇ. ಎರಡು ಐದೇ."

ಅವನು ಮುದ್ದಯ್ಯನ ಕೈ ಹಿಡಿದ. ಕೋಳ ಕೆಂಪು ಗೆರೆಯ ಮೇಲೆಯೇ ಮತ್ತೆ ಕೂತಿತು. ಗೇಟಿನ ಆಚೆಯಿಂದ ಚಿಕ್ಕಮಾದಮ್ಮನ ಕೂಗು ಎದ್ದಿತು.

"ಎರಡು ಐದು ಅಂದ್ರೆ ಇವನು. ಎರಡು ಮೂವತ್ತೆಂಟು ಅಂದ್ರೆ ನಿಮ್ಮ ಮಗಳು. ವ್ಯಾನು ನಾಲ್ಕಕ್ಕೆ ಹೊರಡ್ತದೆ," ಎಂದ ಬೆಟ್ಟಯ್ಯ. "ಒಬ್ಬರನ್ನ ಕರ್ಕೊಂಡೋಗ್ತೀನಿ. ಯಾರನ್ನ ಅಂತ ನೀವೇ ಹೇಳಿ."

ಸರಸಮ್ಮನವರು ಬಾಯಿ ತೆರೆಯುವ ಮೊದಲೇ ಗೋದಾ ಮುಂದೆ ಬಂದು ಎರಡೂ ಕೈ ಚಾಚಿದಳು.